ಕೂಡಿಟ್ಟ ಕೀಲೆಣ್ಣೆ: ಬಳಸಬಹುದೇ, ಬಿಡಬೇಕೇ?

(ಮುಂಬಯಿಯ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾರ್ಯದರ್ಶಿಗಳು ನನ್ನನ್ನು ಆಹ್ವಾನಿಸಿದಾಗ ಅವರ ಮನಸ್ಸಿನಲ್ಲಿದ್ದುದು ಸಾಹಿತ್ಯವನ್ನು ಕುರಿತ ಒಂದು ಉಪನ್ಯಾಸ. ನಾನು ಆರಿಸಿಕೊಂಡ ವಿಷಯವಾದರೋ ಎಣ್ಣೆಯ ಡಬ್ಬಿ. ಕನ್ನಡದಲ್ಲಿ ಎಂ.ಎ. ಮಾಡಿ, ಕೇಂದ್ರ ಸಚಿವಾಲಯವೊಂದರಲ್ಲಿ ಅನುವಾದಕನಾಗಿರುವವನಿಗೆ ವಾಹನದ ಎಣ್ಣೆಯ ಗೊಡವೆ ಏಕೆಂದು ನೀವು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಕೀಲೆಣ್ಣೆಗಳ ಶೇಖರಣೆಯನ್ನು ಕುರಿತ ಸೂಚನಾಪತ್ರವೊಂದು ಅನುವಾದಕ್ಕಾಗಿ ನನ್ನ ಮೇಜಿಗೆ ಬಂದಿತ್ತು. ಅದರ ಒಂದೊಂದು ಪದವನ್ನೂ ಅರ್ಥಮಾಡಿಕೊಳ್ಳಲು ನಾನು ತಿಳಿದವರ ಬೆನ್ನುಹತ್ತಿ ತಿಂಗಳುಗಟ್ಟಲೆ ಅಲೆದೆ. ಎರಡನೆಯ ಕಾರಣ ನನ್ನ ಮನೆಯದೇ ಒಂದು ತಪ್ಪು. ಅದನ್ನು ಅದರ ಸಂದರ್ಭ ಬಂದಾಗ ನಿವೇದಿಸುತ್ತೇನೆ.

ಈ ಸಭಾಂಗಣದಲ್ಲಿ ಬಾಡಿಗೆ ಕಾರುಗಳನ್ನು ನಡೆಸುವವರಿದ್ದೀರಿ. ಹೋಟೆಲು ಇಟ್ಟುಕೊಂಡು, ಸಾಮಾನು ತರಲು ಒಂದು ಟೆಂಪೊ, ವಿದ್ಯುತ್ತು ಹೋದಾಗ ಆಸರೆಗೆಂದು ಒಂದು ಡೀಸೆಲ್ ಜನರೇಟರು ಹೊಂದಿರುವವರಿದ್ದೀರಿ. ಸ್ಕೂಟರಿನಲ್ಲಿ ಕಚೇರಿಗೆ ಹೋಗಿಬರುವವರಂತೂ ಎಷ್ಟೋ ಮಂದಿ. ನಿಮ್ಮಲ್ಲಿ ಬಹುತೇಕರ ಮನೆಯ ಅಟ್ಟದ ಮೇಲೋ ಅಂಗಡಿಯ ಹಿಂಬದಿಯಲ್ಲೋ ಒಂದೆರಡು ಎಣ್ಣೆಯ ಡಬ್ಬಿಗಳು ಇದ್ದೇ ಇರುತ್ತವೆ. 2020ರ ಮಾರ್ಚಿ ತಿಂಗಳಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ವಾಹನಗಳು ನಿಂತಲ್ಲೇ ನಿಂತವು. ಅವುಗಳಿಗಾಗಿ ತಂದಿಟ್ಟಿದ್ದ ಎಣ್ಣೆಯೂ ಇಟ್ಟಲ್ಲೇ ಉಳಿಯಿತು. ಇಂತಹ ಎಣ್ಣೆಯನ್ನು ಈಗ ಬಳಸಬಹುದೇ ಎಂಬುದೇ ಇಂದಿನ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಜನರಿಂದ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಮೊದಲನೆಯದು ಅಡುಗೆಮನೆಯ ಅನುಭವದಿಂದ ಬಂದುದು. ಕಡಲೆಕಾಯಿ ಎಣ್ಣೆಯಾಗಲಿ ಕೊಬ್ಬರಿ ಎಣ್ಣೆಯಾಗಲಿ ಹಳತಾದರೆ ಕಮಟು ವಾಸನೆ ಹಿಡಿಯುತ್ತದೆ. ಹಾಗೆಯೇ ಇದೂ ಕೆಟ್ಟಿರಬೇಕು, ಚೆಲ್ಲಿಬಿಡೋಣ ಎಂಬುದು. ಎರಡನೆಯದು ತುಸು ಓದಿಕೊಂಡವರ ಉತ್ತರ. ಭೂಗರ್ಭದಲ್ಲಿ ಕೋಟ್ಯಂತರ ವರ್ಷ ಕೆಡದೆ ಇದ್ದ ಎಣ್ಣೆ ಡಬ್ಬಿಯಲ್ಲಿ ಹತ್ತು ವರ್ಷ ಇದ್ದರೆ ಕೆಡುತ್ತದೆಯೇ ಎಂಬುದು. ಎರಡೂ ಕೇಳಲು ಸಮಂಜಸವಾಗಿವೆ. ಎರಡೂ ಅರ್ಧ ಸತ್ಯಗಳು.

ನಮ್ಮ ಪೂರ್ವಿಕರ ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದುದು ಹರಳೆಣ್ಣೆಯನ್ನು. ಕೀಲೆಣ್ಣೆ ಎಂಬ ಅಚ್ಚಗನ್ನಡದ ಪದವನ್ನು ಕೇಳಿದಾಗಲೆಲ್ಲ ನನಗೆ ಗಾಡಿಯ ಕೆಳಗೆ ತೂಗುತ್ತಿದ್ದ ಬಿದಿರಿನ ಗೊಟ್ಟವೇ ನೆನಪಾಗುತ್ತದೆ. ಮೋಟಾರು ಯುಗ ಬಂದಾಗಲೂ ಹರಳೆಣ್ಣೆ ಕೆಲಕಾಲ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಹೆಸರು ಹುಟ್ಟಿದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಆದರೆ ಇಂದಿನ ಇಂಜಿನ್ ಎಣ್ಣೆಗೂ ಹರಳೆಣ್ಣೆಗೂ ಹೋಲಿಕೆ ಸಲ್ಲದು. ಇಂದಿನದು ಒಂದೇ ವಸ್ತುವಲ್ಲ, ಹಲವು ವಸ್ತುಗಳ ಮಿಶ್ರಣ. ಅದರ ಬಹುಭಾಗ ಮೂಲತೈಲ. ನಮ್ಮ ದೇಶದಲ್ಲಿ ಇದನ್ನು ಕಚ್ಚಾತೈಲದಿಂದ ಬೇರ್ಪಡಿಸುವ ಶುದ್ಧೀಕರಣ ಘಟಕಗಳು ಇದೇ ಮುಂಬಯಿಯ ಮಾಹುಲಿನಲ್ಲಿ, ಚೆನ್ನೈ ಬಳಿಯ ಮನಾಲಿಯಲ್ಲಿ, ಪಶ್ಚಿಮ ಬಂಗಾಳದ ಹಾಲ್ದಿಯಾದಲ್ಲಿ ಇವೆ. ಈ ಮೂಲತೈಲಕ್ಕೆ ಹತ್ತಾರು ಪೂರಕ ದ್ರವ್ಯಗಳನ್ನು ಬೆರೆಸುತ್ತಾರೆ. ಮಸಿಯನ್ನು ತೊಳೆಯುವುದು ಒಂದು, ತೊಳೆದ ಮಸಿ ಗಡ್ಡೆಗಟ್ಟದಂತೆ ಎಣ್ಣೆಯಲ್ಲಿ ತೇಲಿಸಿಡುವುದು ಇನ್ನೊಂದು. ಲೋಹದ ಸವೆತವನ್ನು ತಡೆಯಲು ಸತು ಮತ್ತು ರಂಜಕಗಳ ಸಂಯುಕ್ತ. ತುಕ್ಕು ಹಿಡಿಯದಿರಲು ಒಂದು, ನೊರೆ ಏಳದಿರಲು ಒಂದು. ಬಿಸಿಯಲ್ಲಿ ಎಣ್ಣೆ ನೀರಿನಂತೆ ತೆಳ್ಳಗಾಗದಂತೆ ಅದರ ಸ್ನಿಗ್ಧತೆಯನ್ನು ಕಾಯ್ದುಕೊಳ್ಳುವುದಕ್ಕೂ ಒಂದು ದ್ರವ್ಯವುಂಟು. ಡಬ್ಬಿಯ ಮೇಲೆ 20ಡಬ್ಲ್ಯು-40 ಎಂದೋ 10ಡಬ್ಲ್ಯು-30 ಎಂದೋ ಎರಡು ಅಂಕಿಗಳು ಜೋಡಿಯಾಗಿ ಕಾಣುವುದು ಈ ದ್ರವ್ಯದ ಕೃಪೆಯಿಂದ. ಮೊದಲ ಅಂಕಿ ಚಳಿಯಲ್ಲಿನ ನಡವಳಿಕೆಯನ್ನೂ ಎರಡನೆಯದು ಇಂಜಿನ್ನಿನ ಬಿಸಿಯಲ್ಲಿನ ನಡವಳಿಕೆಯನ್ನೂ ಸೂಚಿಸುತ್ತವೆ.

ಭೂಗರ್ಭದಲ್ಲಿ ಕೋಟ್ಯಂತರ ವರ್ಷ ಇದ್ದುದು ಈ ಮಿಶ್ರಣವಲ್ಲ, ಕಚ್ಚಾತೈಲ. ಮಿಶ್ರಣವನ್ನು ಮಾಡಿದವನು ಮನುಷ್ಯ. ಮನುಷ್ಯನು ಬೆರೆಸಿದ್ದು ಕಾಲಕ್ರಮದಲ್ಲಿ ಬೇರ್ಪಡುವ ಸಾಧ್ಯತೆ ಇದ್ದೇ ಇದೆ.

ಹಾಗಾದರೆ ಮುಚ್ಚಿದ ಡಬ್ಬಿಯೊಳಗೆ ವಾಸ್ತವವಾಗಿ ನಡೆಯುವುದೇನು? ಬಹುಮಟ್ಟಿಗೆ ಏನೂ ಇಲ್ಲ ಎಂಬುದೇ ಸಮಾಧಾನಕರವಾದ ಉತ್ತರ. ಎಣ್ಣೆ ಹಾಳಾಗುವುದು ಮುಖ್ಯವಾಗಿ ಉತ್ಕರ್ಷಣದಿಂದ, ಅಂದರೆ ಗಾಳಿಯಲ್ಲಿನ ಆಮ್ಲಜನಕದೊಡನೆ ಸೇರುವುದರಿಂದ. ಈ ಕ್ರಿಯೆಗೆ ಬಿಸಿ ಬೇಕು. ಉಷ್ಣತೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಾಗ ಅದರ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ತಜ್ಞರು ಬಳಸುವ ಸ್ಥೂಲ ಲೆಕ್ಕ. ಓಡುತ್ತಿರುವ ಇಂಜಿನ್ನಿನೊಳಗೆ ಎಣ್ಣೆ 100 ಡಿಗ್ರಿಯ ಆಸುಪಾಸಿನಲ್ಲಿ ಕುದಿಗೆ ಒಡ್ಡಿಕೊಂಡಂತೆ ಇರುತ್ತದೆ; ಜೊತೆಗೆ ಗಾಳಿ, ಇಂಧನದ ಉಳಿಕೆ, ಲೋಹದ ಪುಡಿ. ಮನೆಯ ಅಟ್ಟದ ಮೇಲಿನ ಡಬ್ಬಿಯಲ್ಲಾದರೋ 30–35 ಡಿಗ್ರಿ, ಮುಚ್ಚಳದ ಕೆಳಗೆ ಒಂದು ಹಿಡಿ ಗಾಳಿ, ಅಷ್ಟೆ. ಆದುದರಿಂದಲೇ ಮುದ್ರೆ ಒಡೆಯದ ಇಂಜಿನ್ ಎಣ್ಣೆಗೆ ತಯಾರಕರು ಸಾಮಾನ್ಯವಾಗಿ 3ರಿಂದ 5 ವರ್ಷಗಳ ಶೇಖರಣಾ ಅವಧಿಯನ್ನು ಹೇಳುತ್ತಾರೆ. ಈ ಅವಧಿ ಮುಗಿದ ಮರುದಿನ ಅದು ವಿಷವಾಗುವುದಿಲ್ಲ. ತಯಾರಕರ ಭರವಸೆ ಅಲ್ಲಿಗೆ ಮುಗಿಯುತ್ತದೆ, ಪರೀಕ್ಷಿಸಿ ನೋಡುವ ಹೊಣೆ ನಮ್ಮದಾಗುತ್ತದೆ.

ಇಲ್ಲಿ ಅನುವಾದಕನ ಒಂದು ಮಾತು. ನನ್ನ ಮೇಜಿಗೆ ಬಂದ ಪತ್ರದಲ್ಲಿ ಶೆಲ್ಫ್ ಲೈಫ್ ಎಂಬ ಪದವಿತ್ತು. ಹಿಂದಿನ ಕರಡೊಂದರಲ್ಲಿ ಅದನ್ನು ಯಾರೋ ‘ಕಪಾಟಿನ ಆಯುಷ್ಯ’ ಎಂದು ಮಾಡಿದ್ದರು. ನಕ್ಕು ಅದನ್ನು ಹೊಡೆದುಹಾಕಿದೆ. ಆದರೆ ಅನಂತರ ಯೋಚಿಸಿದರೆ, ಆ ಪುಣ್ಯಾತ್ಮರು ತಿಳಿಯದೆಯೇ ಒಂದು ನಿಜವನ್ನು ಹೇಳಿದ್ದರು. ಎಣ್ಣೆಯ ಆಯುಷ್ಯವನ್ನು ನಿರ್ಧರಿಸುವುದು ಬಹುಪಾಲು ಅದನ್ನು ಇಟ್ಟ ಕಪಾಟೇ. ಒಣಗಿದ, ನೆರಳಿನ, ಉಷ್ಣತೆ ಹೆಚ್ಚು ಏರಿಳಿಯದ ಕೋಣೆಯಲ್ಲಿದ್ದ ಎಂಟು ವರ್ಷದ ಡಬ್ಬಿಗಿಂತ, ದೆಹಲಿಯ ಮೇ ತಿಂಗಳ ಬಿಸಿಲನ್ನೂ ಜನವರಿಯ ಚಳಿಯನ್ನೂ ತಗಡಿನ ಮಾಡಿನ ಕೆಳಗೆ ಅನುಭವಿಸಿದ ಎರಡು ವರ್ಷದ ಡಬ್ಬಿಯನ್ನೇ ನಾನು ಹೆಚ್ಚು ಸಂಶಯದಿಂದ ನೋಡುವೆ.

ನೆರೆದಿರುವ ಹೋಟೆಲು ಮಾಲೀಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಜನರೇಟರಿಗೂ ಟೆಂಪೊಗಳಿಗೂ ಒಟ್ಟಿಗೆ ಸಾಲಲೆಂದು ಕೆಲವರು 210 ಲೀಟರಿನ ಪೀಪಾಯಿಯನ್ನೇ ಕೊಂಡು, ಸ್ಥಳವಿಲ್ಲದ ಕಾರಣ ಹಿತ್ತಿಲಿನಲ್ಲಿ ನೆಟ್ಟಗೆ ನಿಲ್ಲಿಸಿರುತ್ತಾರೆ. ಪೀಪಾಯಿಯ ಮೇಲ್ಭಾಗಕ್ಕೆ ಅಂಚು ಇರುವುದರಿಂದ ಮಳೆಯ ನೀರು ಅಲ್ಲಿ ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಬಿರಡೆ ಬಿಗಿಯಾಗಿದೆಯಲ್ಲ, ನೀರು ಒಳಗೆ ಹೇಗೆ ಹೋದೀತು ಎಂದು ನಾವು ನಿಶ್ಚಿಂತರಾಗಿರುತ್ತೇವೆ. ಆದರೆ ಪೀಪಾಯಿ ಉಸಿರಾಡುತ್ತದೆ. ಹಗಲಿನ ಬಿಸಿಲಿಗೆ ಒಳಗಿನ ಎಣ್ಣೆಯೂ ಗಾಳಿಯೂ ಹಿಗ್ಗಿ, ಸ್ವಲ್ಪ ಗಾಳಿ ಬಿರಡೆಯ ಸುತ್ತುಗಳ ಸಂದಿನಿಂದ ಹೊರಕ್ಕೆ ನುಸುಳುತ್ತದೆ. ಸಂಜೆಗೆ ಮಳೆ ಬಿದ್ದು ತಂಪಾದೊಡನೆ ಒಳಗಿನದು ಕುಗ್ಗುತ್ತದೆ; ಕುಗ್ಗಿದಾಗ ಉಂಟಾಗುವ ಸೆಳೆತ ಬಿರಡೆಯ ಸುತ್ತ ನಿಂತ ನೀರನ್ನು ಹನಿಹನಿಯಾಗಿ ಒಳಕ್ಕೆ ಹೀರುತ್ತದೆ. ದಿನಕ್ಕೆ ಕೆಲವೇ ಹನಿ. ಮುಂಬಯಿಯ ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂತಹ ದಿನಗಳೆಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿ. ಎಣ್ಣೆಗಿಂತ ಭಾರವಾದ ಆ ನೀರು ತಳ ಸೇರುತ್ತದೆ. ಎಣ್ಣೆ ತೆಗೆಯುವ ಪಂಪಿನ ಕೊಳವೆಯ ಬಾಯಿ ಇರುವುದೂ ತಳದಲ್ಲಿಯೇ.

ನೀರು ಸೇರಿದ ಎಣ್ಣೆ ಇಂಜಿನ್ನಿನೊಳಗೆ ಮಾಡುವ ಹಾನಿ ಹಲವು ಬಗೆಯದು. ಪೂರಕ ದ್ರವ್ಯಗಳಲ್ಲಿ ಕೆಲವು ನೀರಿನೊಡನೆ ಸೇರಿ ವಿಘಟನೆ ಹೊಂದುತ್ತವೆ, ಕೆಲವು ಗಸಿಯಾಗಿ ಕೆಳಗಿಳಿಯುತ್ತವೆ. ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ. ಎಣ್ಣೆ ನೊರೆಯಾಗಿ, ಲೋಹಕ್ಕೂ ಲೋಹಕ್ಕೂ ನಡುವೆ ಇರಬೇಕಾದ ತೆಳುಪೊರೆ ಹರಿದುಹೋಗುತ್ತದೆ. ಇದಕ್ಕೆ ಪರಿಹಾರ ಖರ್ಚಿನದಲ್ಲ. ಪೀಪಾಯಿಯನ್ನು ಮಾಡಿನ ಕೆಳಗೆ ಇಡುವುದು ಮೊದಲನೆಯ ಮಾತು. ಮಾಡಿನ ಕೆಳಗೆ ಸ್ಥಳವಿಲ್ಲವಾದರೆ ಮರದ ದಿಮ್ಮಿಗಳ ಮೇಲೆ ಅಡ್ಡಲಾಗಿ ಮಲಗಿಸಿ, ಎರಡು ಬಿರಡೆಗಳೂ ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆಯ ಸ್ಥಾನಗಳಲ್ಲಿ ಬರುವಂತೆ ತಿರುಗಿಸಿಡಬೇಕು. ಆಗ ಬಿರಡೆಗಳ ಒಳಬದಿಯಲ್ಲಿ ಎಣ್ಣೆಯೇ ಒತ್ತಿಕೊಂಡಿರುತ್ತದೆ, ಹೊರಬದಿಯಲ್ಲಿ ನೀರು ನಿಲ್ಲಲು ಎಡೆಯಿರುವುದಿಲ್ಲ.

ಸಣ್ಣ ಡಬ್ಬಿಗಳ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಮೊದಲು ಮುದ್ರೆಯನ್ನು ನೋಡಿ. ಅನಂತರ ಡಬ್ಬಿಯನ್ನು ಒಂದು ದಿನ ಅಲುಗಾಡಿಸದೆ ಇಟ್ಟು, ಸ್ವಲ್ಪ ಎಣ್ಣೆಯನ್ನು ಒಣಗಿದ ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿಯಿರಿ. ಹೊಸ ಎಣ್ಣೆ ಜೇನಿನಂತೆ ತಿಳಿಯಾಗಿ ಹೊಳೆಯುತ್ತದೆ. ಮಜ್ಜಿಗೆ ಬೆರೆಸಿದಂತೆ ಮಬ್ಬಾಗಿದ್ದರೆ ನೀರು ಸೇರಿದೆಯೆಂದೇ ತಿಳಿಯಬೇಕು. ಕೊನೆಗೆ ಉಳಿದ ಎಣ್ಣೆಯನ್ನು ಬಗ್ಗಿಸಿ ತಳವನ್ನು ನೋಡಿ. ಎಳೆಯಂತಹ ಅಲ್ಪ ಗಸಿ ಇದ್ದು, ಡಬ್ಬಿಯನ್ನು ಅಲುಗಿಸಿದಾಗ ಕರಗಿ ಮರಳಿ ಕಾಣಿಸದಿದ್ದರೆ ಚಿಂತೆಯಿಲ್ಲ. ಅಂಟಿನಂತೆ ಕಚ್ಚಿಕೊಂಡಿದ್ದರೆ, ಹುಳಿ ಅಥವಾ ಸುಟ್ಟ ವಾಸನೆ ಇದ್ದರೆ ಬಿಟ್ಟುಬಿಡಿ. ಅನುಭವಿಗಳಾದ ಮೆಕ್ಯಾನಿಕರು ಬಿಸಿ ತಗಡಿನ ಮೇಲೆ ಒಂದು ಹನಿ ಬಿಟ್ಟು ಚಟಪಟ ಸದ್ದನ್ನು ಕೇಳಿ ನೀರನ್ನು ಪತ್ತೆಮಾಡುವುದುಂಟು. ಅದನ್ನು ಅವರಿಗೇ ಬಿಡುವುದು ಲೇಸು, ಬಿಸಿ ಎಣ್ಣೆ ಸಿಡಿದರೆ ಕಣ್ಣಿಗೆ ಅಪಾಯ.

ಡಬ್ಬಿಯ ಮೇಲೆ ಎಕ್ಸ್‌ಪೈರಿ ದಿನಾಂಕವೇ ಇಲ್ಲವಲ್ಲ, ಆದುದರಿಂದ ಅದು ಎಂದಿಗೂ ಕೆಡುವುದಿಲ್ಲ ಎಂದು ವಾದಿಸುವವರಿದ್ದಾರೆ. ಇದು ಕಾನೂನಿನ ತಪ್ಪು ಗ್ರಹಿಕೆ. 2011ರ ಕಾನೂನುಬದ್ಧ ಮಾಪನಶಾಸ್ತ್ರ (ಪೊಟ್ಟಣ ಸರಕುಗಳ) ನಿಯಮಗಳು, ಮನುಷ್ಯರ ಸೇವನೆಗೆ ಅಯೋಗ್ಯವಾಗಬಹುದಾದ ವಸ್ತುಗಳ ಮೇಲೆ ಬಳಕೆಯ ಗಡುವನ್ನು ಮುದ್ರಿಸಬೇಕೆಂದು ವಿಧಿಸುತ್ತವೆ. ಎಣ್ಣೆಯ ಡಬ್ಬಿಗೆ ಅನ್ವಯಿಸುವುದು ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ನಮೂದಿಸುವ ವಿಧಿ. ಗಡುವನ್ನು ಬರೆದಿಲ್ಲವೆಂದರೆ ಗಡುವೇ ಇಲ್ಲವೆಂದಲ್ಲ. ತಯಾರಿಕೆಯ ತಿಂಗಳಿನಿಂದ ಎಣಿಸುವ ಕೆಲಸ ಗ್ರಾಹಕನದು. ಅಂಗಡಿಯಲ್ಲಿ ಕೊಳ್ಳುವಾಗಲೇ ಆ ಸಾಲನ್ನು ಓದಿದರೆ, ಅಂಗಡಿಯವನ ಕಪಾಟಿನಲ್ಲಿ ನಾಲ್ಕು ವರ್ಷ ಕಳೆದ ಡಬ್ಬಿಗೆ ಹೊಸದರ ಬೆಲೆ ತೆರುವುದು ತಪ್ಪುತ್ತದೆ.

ಇಲ್ಲಿಯವರೆಗೆ ಕೆಡುವುದರ ಮಾತಾಯಿತು. ಆದರೆ ಕೆಡದಿದ್ದರೂ ಬಳಸಲಾಗದ ಎಣ್ಣೆಯೊಂದುಂಟು, ಮತ್ತು ನನ್ನ ದೃಷ್ಟಿಯಲ್ಲಿ ಹಳೆಯ ಡಬ್ಬಿಗಳ ಮುಖ್ಯ ಸಮಸ್ಯೆ ಇದೇ. ಎಣ್ಣೆ ಇದ್ದಲ್ಲೇ ಇರುತ್ತದೆ, ಇಂಜಿನ್ನು ಮುಂದೆ ಹೋಗಿಬಿಟ್ಟಿರುತ್ತದೆ.

ಡಬ್ಬಿಯ ಮೇಲೆ ಎ.ಪಿ.ಐ. ಎಂಬ ಅಕ್ಷರಗಳ ಮುಂದೆ ಇನ್ನೆರಡು ಅಕ್ಷರಗಳಿರುತ್ತವೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಈ ವರ್ಗೀಕರಣವನ್ನು ನಮ್ಮ ದೇಶದ ತಯಾರಕರೂ ಅನುಸರಿಸುತ್ತಾರೆ. ಮೊದಲಕ್ಷರ ಎಸ್ ಆಗಿದ್ದರೆ ಪೆಟ್ರೋಲ್ ಇಂಜಿನ್ನಿಗೆ, ಸಿ ಆಗಿದ್ದರೆ ಡೀಸೆಲ್ ಇಂಜಿನ್ನಿಗೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಎಣ್ಣೆ ಹೊಸ ಇಂಜಿನ್ನಿಗೆ ಸಲ್ಲುತ್ತದೆ. ಎಸ್.ಎಫ್. ದರ್ಜೆಯ ಎಣ್ಣೆ 1988ರ ಅನಂತರ ತಯಾರಾದ ಬಹುತೇಕ ಪೆಟ್ರೋಲ್ ಇಂಜಿನ್ನುಗಳಿಗೆ ತಕ್ಕುದಲ್ಲವೆಂದೂ, ಎಸ್.ಜಿ. ದರ್ಜೆಯದು 1993ರ ಅನಂತರದವುಗಳಿಗೆ ತಕ್ಕುದಲ್ಲವೆಂದೂ ಆ ಸಂಸ್ಥೆಯೇ ಹೇಳುತ್ತದೆ. 2020ರಲ್ಲಿ ಎಸ್.ಪಿ. ದರ್ಜೆ ಬಂದಿತು, 2025ರಲ್ಲಿ ಎಸ್.ಕ್ಯು. ಸಾಮಾನ್ಯವಾಗಿ, ಸ್ನಿಗ್ಧತೆ ಹೊಂದುವುದಾದರೆ, ಹೊಸ ದರ್ಜೆಯ ಎಣ್ಣೆ ಹಳೆಯ ಪೆಟ್ರೋಲ್ ಇಂಜಿನ್ನಿಗೆ ನಡೆದೀತು; ಹಳೆಯ ದರ್ಜೆಯದು ಹೊಸ ಇಂಜಿನ್ನಿಗೆ ನಡೆಯದು.

ನಡೆಯದೇಕೆ? 1995ರ ಏಪ್ರಿಲ್ ತಿಂಗಳಿನಿಂದ ದೆಹಲಿ, ಮುಂಬಯಿ, ಕಲ್ಕತ್ತ ಮತ್ತು ಮದರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಹೊಗೆಯನ್ನು ಶುದ್ಧಗೊಳಿಸುವ ಈ ಸಾಧನಕ್ಕೆ ರಂಜಕ ಶತ್ರು. ಹಳೆಯ ಎಣ್ಣೆಗಳಲ್ಲಿ ಸವೆತ ತಡೆಯಲೆಂದು ಧಾರಾಳವಾಗಿ ಹಾಕುತ್ತಿದ್ದ ರಂಜಕವನ್ನು ಹೊಸ ದರ್ಜೆಗಳಲ್ಲಿ ಮಿತಗೊಳಿಸಲಾಗಿದೆ. 2020ರ ಏಪ್ರಿಲ್ ಒಂದರಿಂದ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಡೀಸೆಲ್ ವಾಹನಗಳ ಸಂಗತಿ ಇನ್ನೂ ಸೂಕ್ಷ್ಮ. ಅವುಗಳ ಹೊಗೆಕೊಳವೆಯಲ್ಲಿರುವ ಜರಡಿ ಮಸಿಯನ್ನು ಹಿಡಿದು ಸುಡುತ್ತದೆ. ಆದರೆ ಎಣ್ಣೆಯಲ್ಲಿನ ಲೋಹಾಂಶದ ಬೂದಿ ಸುಡುವುದಿಲ್ಲ, ಜರಡಿಯಲ್ಲೇ ಕಟ್ಟಿಕೊಳ್ಳುತ್ತದೆ. ಕೆಲವು ನೂರು ರೂಪಾಯಿಯ ಹಳೆಯ ಎಣ್ಣೆಯನ್ನು ಉಳಿಸಲು ಹೋಗಿ ಆ ಜರಡಿಯನ್ನೇ ಬದಲಿಸುವ ಪ್ರಸಂಗ ಬಂದರೆ ಅದು ಉಳಿತಾಯವಲ್ಲ. ಇನ್ನು ಕಾರಿಗೆಂದು ತಂದು ಉಳಿದ ಎಣ್ಣೆಯನ್ನು ಮೋಟಾರುಬೈಕಿಗೆ ಸುರಿಯುವವರಿದ್ದಾರೆ. ನಮ್ಮ ಬಹುತೇಕ ಬೈಕುಗಳಲ್ಲಿ ಕ್ಲಚ್ಚು ಇಂಜಿನ್ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಘರ್ಷಣೆಯನ್ನು ಅತಿಯಾಗಿ ಕಡಿಮೆಮಾಡುವ ಕಾರಿನ ಎಣ್ಣೆ ಆ ಕ್ಲಚ್ಚು ಜಾರುವಂತೆ ಮಾಡಬಹುದು. ಅವುಗಳಿಗಾಗಿ ಜಾಸೋ ಎಂ.ಎ. ಎಂಬ ಪ್ರತ್ಯೇಕ ಗುರುತಿನ ಎಣ್ಣೆಯೇ ಉಂಟು.

ಈಗ ನನ್ನ ಮನೆಯ ಪ್ರಸಂಗ. ನನ್ನ ಮಾವನವರು ಧಾರವಾಡದ ಕಡೆಯವರು. ಪುಣೆಯಲ್ಲಿ ನೌಕರಿ ಮಾಡಿ ಅಲ್ಲಿಯೇ ನೆಲೆಸಿದ್ದರು. ಅವರ ಬಳಿ 1997ರ ಒಂದು ಮಾರುತಿ 800 ಇತ್ತು. ಯಾವುದನ್ನೂ ಚೆಲ್ಲದ ತಲೆಮಾರಿನವರು. 2016ರಲ್ಲಿ ಅವರು ತೀರಿಕೊಂಡ ಮೇಲೆ ಮನೆಯ ಹೊರಗಿನ ಕಪಾಟನ್ನು ತೆರೆದರೆ, ಮುದ್ರೆ ಒಡೆಯದ ಇಂಜಿನ್ ಎಣ್ಣೆಯ ಎರಡು ತಗಡಿನ ಡಬ್ಬಿ, ಒಂದು ಗ್ರೀಸ್ ಡಬ್ಬಿ, ಎಂದೋ ಮಾರಿದ ಸ್ಕೂಟರಿನ ಟೂಟಿ ಎಣ್ಣೆಯ ನಾಲ್ಕಾರು ಪೊಟ್ಟಣಗಳು, ಒಂದು ಲೀಟರಿನ ಅರ್ಧ ಖಾಲಿಯಾದ ಬ್ರೇಕ್ ಎಣ್ಣೆಯ ಬಾಟಲಿ. ಎಲ್ಲವನ್ನೂ ಗುಜರಿಗೆ ಹಾಕೋಣವೆಂದರೆ ಅತ್ತೆಯವರು, ‘ಅವರು ಕೈಯಾರೆ ಜೋಡಿಸಿಟ್ಟಾರ, ಚೆಲ್ಲಬ್ಯಾಡ್ರಿ’ ಎಂದರು. ಆ ಮಾತನ್ನು ಮೀರುವ ಮನಸ್ಸು ನಮಗಾರಿಗೂ ಬರಲಿಲ್ಲ.

ಮರುವರ್ಷ ಕಾರಿನ ಮುಂಭಾಗದ ಬ್ರೇಕಿನ ಸೀಲುಗಳನ್ನು ಬದಲಿಸಬೇಕಾಯಿತು. ಹಳೆಯ ಬ್ರೇಕ್ ಎಣ್ಣೆಯನ್ನೆಲ್ಲ ಬಸಿದ ಮೆಕ್ಯಾನಿಕನು ಹೊಸ ಬಾಟಲಿ ತರಿಸಿರೆಂದ. ಮನೆಯಲ್ಲೇ ಇದೆಯಲ್ಲ ಎಂದು ಆ ಅರ್ಧ ಬಾಟಲಿಯನ್ನು ತಂದುಕೊಟ್ಟವನು ನಾನು. ಅವನು ಮುಚ್ಚಳವನ್ನು ನೋಡಿ ಒಮ್ಮೆ ಅನುಮಾನಿಸಿದ, ನಾನೇ ಒತ್ತಾಯಿಸಿದೆ. ಉಳಿದದ್ದು ಇನ್ನೂರು ಮುನ್ನೂರು ರೂಪಾಯಿ.

ಹದಿನೈದು ದಿನಗಳ ಅನಂತರ ಪಂಚಗಣಿಗೆ ಹೋಗಿ, ಸಂಜೆ ಪಸರಣಿ ಘಟ್ಟದಲ್ಲಿ ವಾಯಿಯ ಕಡೆಗೆ ಇಳಿಯುತ್ತಿದ್ದೆವು. ನನ್ನ ಭಾವಮೈದ ಕಾರು ನಡೆಸುತ್ತಿದ್ದ. ಹಿಂದಿನ ಆಸನದಲ್ಲಿ ಅತ್ತೆಯವರು, ನನ್ನ ಶ್ರೀಮತಿ, ಎಂಟು ವರ್ಷದ ಮಗಳು. ತಿರುವಿನ ಮೇಲೆ ತಿರುವು, ಕಾಲು ಬ್ರೇಕಿನಿಂದ ಮೇಲೇಳುವಂತಿಲ್ಲ. ಅರ್ಧ ಘಟ್ಟ ಇಳಿದಿರಬಹುದು, ಪೆಡಲು ಮೆತ್ತಗಾಗುತ್ತಿದೆ ಎಂದ. ಮುಂದಿನ ತಿರುವಿನಲ್ಲಿ ಪೆಡಲು ಸೀದಾ ನೆಲಕ್ಕೆ ಹೋಯಿತು. ಅವನು ಬಾಯಿಮಾತಿಲ್ಲದೆ ಗೇರನ್ನು ಎರಡಕ್ಕೆ, ಒಂದಕ್ಕೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಎಳೆಯುತ್ತ, ಕಾರನ್ನು ಬೆಟ್ಟದ ಕಡೆಯ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಇನ್ನೊಂದು ಬದಿಯಲ್ಲಿ ಕಣಿವೆ. ಮಗಳು ಮಾತ್ರ, ಏಕೆ ನಿಂತೆವು ಎಂದು ಕೇಳಿದಳು. ಯಾರೂ ಉತ್ತರಿಸಲಿಲ್ಲ.

ಮುಕ್ಕಾಲು ಗಂಟೆ ಕಳೆದ ಮೇಲೆ ಪೆಡಲನ್ನು ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಗಟ್ಟಿಯಾಗಿತ್ತು. ಆ ವೇಳೆಗೆ ಅಲ್ಲಿ ನಿಂತ ಜೀಪಿನ ಚಾಲಕರೊಬ್ಬರು, ಎಣ್ಣೆ ಕುದಿದಿದೆ, ಮೊದಲ ಗೇರಿನಲ್ಲೇ ಇಳಿಯಿರಿ ಎಂದರು. ಹಾಗೆಯೇ ವಾಯಿ ತಲುಪಿ, ಕಾರನ್ನು ಅಲ್ಲಿಯೇ ಬಿಟ್ಟು, ಬಸ್ಸಿನಲ್ಲಿ ಪುಣೆಗೆ ಬಂದೆವು.

ಆದುದೇನೆಂಬುದು ನನಗೆ ಪೂರ್ಣವಾಗಿ ಅರ್ಥವಾದದ್ದು ಆ ಸೂಚನಾಪತ್ರದ ಅನುವಾದದ ಕಾಲದಲ್ಲಿ. ಬ್ರೇಕ್ ಎಣ್ಣೆಯನ್ನು ನಾವು ಎಣ್ಣೆ ಎನ್ನುತ್ತೇವಾದರೂ ಅದು ಕೀಲೆಣ್ಣೆಯಲ್ಲ. ಸಾಮಾನ್ಯ ಬಗೆಯದು ಗ್ಲೈಕಾಲ್ ಎಂಬ ರಾಸಾಯನಿಕದಿಂದಾದ ದ್ರವ. ಪೆಡಲಿನ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಅದರ ಕೆಲಸ. ಇಂಜಿನ್ ಎಣ್ಣೆ ನೀರನ್ನು ದೂರವಿಡುತ್ತದೆ, ಇದಾದರೋ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮವಿದೆ. ಅದರಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ನೀರು ಸೇರಿದರೆ ಕುದಿಯುವ ಮಟ್ಟ 140 ಡಿಗ್ರಿಯ ಸಮೀಪಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಘಟ್ಟ ಇಳಿಯುವಾಗ ಬ್ರೇಕಿನ ತಟ್ಟೆಯ ಬಿಸಿ ದ್ರವಕ್ಕೆ ತಾಗಿ, ಅದರಲ್ಲಿನ ನೀರು ಆವಿಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದುದರಿಂದ ಕಾಲಿನ ಒತ್ತಡವೆಲ್ಲ ಆವಿಯನ್ನು ಕುಗ್ಗಿಸುವುದರಲ್ಲೇ ಮುಗಿದು ಚಕ್ರಕ್ಕೆ ಏನೂ ತಲುಪುವುದಿಲ್ಲ. ತಣಿದಾಗ ಆವಿ ಮತ್ತೆ ನೀರಾಗುತ್ತದೆ, ಪೆಡಲು ಗಟ್ಟಿಯಾಗುತ್ತದೆ. ಹ್ಯಾಂಡ್ ಬ್ರೇಕು ನಮ್ಮನ್ನು ಕಾಪಾಡಿದ್ದು ಅದು ದ್ರವದಿಂದಲ್ಲದೆ ತಂತಿಯಿಂದ ನಡೆಯುವ ಕಾರಣ.

ಮುಚ್ಚಳ ತೆರೆದ ಬ್ರೇಕ್ ಎಣ್ಣೆಯ ವಿಷಯದಲ್ಲಿ ಪರೀಕ್ಷೆಯ ಮಾತೇ ಬೇಡ. ನೀರು ಅದರಲ್ಲಿ ಸಂಪೂರ್ಣ ಬೆರೆತುಹೋಗುವುದರಿಂದ ಮಬ್ಬೂ ಕಾಣದು, ಗಸಿಯೂ ಕಾಣದು. ನೋಡಲು ಹೊಸದರಂತೆಯೇ ಇರುತ್ತದೆ. ಬೇಕಾದಷ್ಟೇ ಸಣ್ಣ ಬಾಟಲಿಯನ್ನು ಕೊಂಡು, ಉಳಿದದ್ದನ್ನು ಇಡದಿರುವುದೇ ದಾರಿ. ವಾಹನದೊಳಗಿನದನ್ನೂ ತಯಾರಕರ ಕೈಪಿಡಿಯಲ್ಲಿ ಹೇಳಿದಂತೆ, ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ, ಬದಲಿಸತಕ್ಕದ್ದು. ಚೀಟಿ ಹರಿದುಹೋದ ಬಾಟಲಿಯೊಂದು ಕಪಾಟಿನಲ್ಲಿದ್ದರೆ ಅದನ್ನು ಬ್ರೇಕಿನ ತೊಟ್ಟಿಯ ಹತ್ತಿರಕ್ಕೂ ತರಬೇಡಿ. ಅದು ಇಂಜಿನ್ ಎಣ್ಣೆಯಾಗಿದ್ದಲ್ಲಿ ಬ್ರೇಕಿನ ರಬ್ಬರು ಸೀಲುಗಳು ಊದಿ ಹಾಳಾಗುತ್ತವೆ.

ಕಪಾಟಿನ ಉಳಿದ ವಸ್ತುಗಳ ಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗ್ರೀಸ್ ಎಂಬುದು ಸಾಬೂನಿನಂತಹ ಒಂದು ವಸ್ತು ಸ್ಪಂಜಿನಂತೆ ಎಣ್ಣೆಯನ್ನು ಹಿಡಿದಿಟ್ಟುಕೊಂಡ ರೂಪ. ಮೇಲೆ ಸ್ವಲ್ಪ ಎಣ್ಣೆ ತೇಲಿದ್ದರೆ ಕಲಸಿ ಬಳಸಬಹುದು. ಒಣಗಿ ಬಿರಿದಿದ್ದರೆ ಬೇಡ. ಚಕ್ರದ ಬೇರಿಂಗಿಗೆ ಹಾಕುವಾಗ ಬೇರೆ ಜಾತಿಯ ಗ್ರೀಸಿನೊಡನೆ ಬೆರೆಸುವುದು ಸರಿಯಲ್ಲ, ಕೆಲವು ಜೋಡಿಗಳು ಬೆರೆತಾಗ ನೀರಾಗಿ ಸೋರಿಹೋಗುತ್ತವೆ. ಗೇರ್ ಎಣ್ಣೆಗೆ ಹುಟ್ಟಿನಿಂದಲೇ ಗಂಧಕದ ನಾತವಿರುತ್ತದೆ, ಅದನ್ನು ಕೆಟ್ಟ ವಾಸನೆಯೆಂದು ಭಾವಿಸಬೇಕಿಲ್ಲ. ಟೂಟಿ ಎಣ್ಣೆಯ ಪೊಟ್ಟಣಗಳನ್ನು ನೋಡಿದಾಗ ನನಗೆ ದೆಹಲಿಯ ನೆನಪಾಯಿತು. ಬಿಡಿಯಾಗಿ ಅಳೆದು ಮಾರುತ್ತಿದ್ದ ಟೂಟಿ ಎಣ್ಣೆಯ ಮಾರಾಟವನ್ನು ಅಲ್ಲಿ 1998ರ ಡಿಸೆಂಬರ್ ಕೊನೆಯೊಳಗೆ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತ್ತು; ಸ್ಕೂಟರು ಮತ್ತು ಆಟೋಗಳ ಹೊಗೆಯೇ ಅದಕ್ಕೆ ಕಾರಣ.

ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಡಬ್ಬಿಯಲ್ಲಿ ಐದು ವರ್ಷ ಇರಬಲ್ಲ ಎಣ್ಣೆ, ನಿಂತ ವಾಹನದ ಇಂಜಿನ್ನಿನಲ್ಲಿಯೂ ಹಾಗೆಯೇ ಇರುತ್ತದೆಂದು ತಿಳಿಯಬಾರದು. ಒಮ್ಮೆ ಓಡಿದ ಇಂಜಿನ್ನಿನ ಎಣ್ಣೆಯಲ್ಲಿ ಇಂಧನದ ಅಂಶ, ಹೊಗೆಯಿಂದ ಬಂದ ಆಮ್ಲ, ತೇವ ಎಲ್ಲವೂ ಸೇರಿರುತ್ತವೆ. ಆದುದರಿಂದಲೇ ಕೈಪಿಡಿಗಳಲ್ಲಿ ಇಷ್ಟು ಕಿಲೋಮೀಟರು ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು, ಎಂದಿರುತ್ತದೆ. ವರ್ಷವಿಡೀ ಐದಾರು ಬಾರಿ ಮಾತ್ರ ಹೊರಡುವ ಕಾರಿಗೂ ಆ ತಿಂಗಳ ಲೆಕ್ಕ ತಪ್ಪದು. ಹೋಟೆಲಿನ ಜನರೇಟರಿಗೂ ಇದೇ ಮಾತು.

ಬೇಡವೆಂದು ತೀರ್ಮಾನಿಸಿದ ಎಣ್ಣೆಯನ್ನು ಚರಂಡಿಗೆ ಸುರಿಯುವುದು, ಒಲೆಗೆ ಹಾಕಿ ಉರಿಸುವುದು ಎರಡೂ ಅಪರಾಧಕ್ಕೆ ಸಮ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದು ನೋಂದಾಯಿತ ಮರುಸಂಸ್ಕರಣಕಾರರಿಗೇ ತಲುಪಬೇಕು. ಅದನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೂ ಹೊರಿಸುವ ತಿದ್ದುಪಡಿ 2024ರ ಏಪ್ರಿಲ್ ಒಂದರಿಂದ ಜಾರಿಗೆ ಬಂದಿದೆ. ಗ್ರಾಹಕರಾದ ನಾವು ಮಾಡಬೇಕಾದದ್ದು, ಎಣ್ಣೆ ಬದಲಿಸುವ ಸರ್ವಿಸ್ ಸ್ಟೇಷನ್ನಿಗೆ ಅದನ್ನು ಒಪ್ಪಿಸುವುದು. ಖಾಲಿ ಡಬ್ಬಿಯನ್ನು ಗುಜರಿಗೆ ಕೊಡುವ ಮುನ್ನ ಕತ್ತರಿಸಿ ಅಥವಾ ತೂತು ಮಾಡಿ ಕೊಡಿ. ಇಡಿಯ ಡಬ್ಬಿ ನಕಲಿ ಎಣ್ಣೆ ತುಂಬುವವರ ಕೈಗೆ ಹೋಗಿ, ಮುಂದೊಂದು ದಿನ ಹೊಸ ಮುಚ್ಚಳದೊಡನೆ ನಮ್ಮ ಬಳಿಗೇ ಮರಳಬಹುದು.

ಮಾವನವರ ಆ ಎರಡು ತಗಡಿನ ಡಬ್ಬಿಗಳನ್ನು ಬೆಳಕಿಗೆ ಹಿಡಿದು ನೋಡಿದೆ. 1996ರಲ್ಲಿ ತಯಾರಾದ ಎಣ್ಣೆ, ಇಪ್ಪತ್ತು ವರ್ಷ ಮೀರಿದ್ದರೂ ಜೇನಿನಂತೆ ತಿಳಿಯಾಗಿತ್ತು. ಡಬ್ಬಿಯ ಮೇಲೆ ಎಸ್.ಎಫ್. ಎಂದು ಮುದ್ರಿತವಾಗಿತ್ತು. ಕಾರಿಗೆ ಹಾಕಲಿಲ್ಲ. ಅತ್ತೆಯವರಿಗೆ ವಿಷಯವನ್ನು ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಗೇಟಿಗೆ ಹಾಕ್ರಿ’ ಎಂದರು. ಅಂದಿನಿಂದ ಆ ಮನೆಯ ಗೇಟಿನ ತಿರುಗಣಿ, ಬಾಗಿಲುಗಳ ಚಿಲಕ, ನೆರೆಹೊರೆಯವರ ಮನೆಯ ಕಬ್ಬಿಣದ ಬಾಗಿಲು ಎಲ್ಲಕ್ಕೂ ಅದೇ ಎಣ್ಣೆ. ಒಂದು ಡಬ್ಬಿ ಇನ್ನೂ ಮುಗಿದಿಲ್ಲ.